ಒರೆಸಿದ ಹಲಗೆ

"ಬುದ್ಧಿ, ಸುಳ್ಳು ಹೇಳೋರ ಮಧ್ಯೆ ಇದ್ದುಕೊಂಡು ಸಿಟ್ಟು ಮಾಡಿಕೊಳ್ಳದೆ ಇರೋದು ಹೇಗೆ?"

ಕೇಳಿದವನು ಪಂಚಾಕ್ಷರಿ, ಮಠದ ದಾಸೋಹದ ಅಡುಗೆಮನೆಯನ್ನು ನೋಡಿಕೊಳ್ಳುವ ಶಿಷ್ಯ. ಕೇಳುವಾಗಲೂ ಅವನ ಮುಖ ಕೆಂಪೇರಿತ್ತು. ಅಂದು ಬೆಳಿಗ್ಗೆ ನೀರಿನ ಹಂಡೆಯೊಂದು ತೂತು ಬಿದ್ದಿರುವುದು ಅವನ ಕಣ್ಣಿಗೆ ಬಿದ್ದಿತ್ತು. ಯಾರೋ ಅದನ್ನು ಸೌದೆಯ ಹಿಂದೆ ಬಚ್ಚಿಟ್ಟಿದ್ದರು. ವಿಚಾರಿಸಿದರೆ ಅಡುಗೆಯವರೆಲ್ಲ ನೆಲ ನೋಡುತ್ತಾ ನಿಂತರು.

"ಒಬ್ಬರಿಗೂ ಬಾಯಿಲ್ಲ ಬುದ್ಧಿ. ಎಲ್ಲಾನೂ ಮುಚ್ಚಿಡ್ತಾರೆ. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?"

ಗುರುಗಳು ಕೂರುವಂತೆ ಕೈ ತೋರಿಸಿ ಈ ಕತೆ ಹೇಳಿದರು.

ಒಬ್ಬ ಬೈಕ್ ಸವಾರನಿದ್ದ. ರಸ್ತೆಯಲ್ಲಿ ಓಡಿಸುವವನಲ್ಲ. ಮೈದಾನದೊಳಗೆ ಮಣ್ಣು ಸುರಿದು, ದಿಬ್ಬ ಕಟ್ಟಿ, ಆ ದಿಬ್ಬಗಳ ಮೇಲಿಂದ ಬೈಕ್ ಹಾರಿಸುತ್ತಾ ಸುತ್ತು ಹೊಡೆಯುವ ಪಂದ್ಯವೊಂದಿದೆ. ಸೂಪರ್‌ಕ್ರಾಸ್ ಎನ್ನುತ್ತಾರೆ. ಅದೇ ಅವನ ಕಸುಬು, ಅದರಲ್ಲೇ ಅವನ ಅನ್ನ. ಮಠದಲ್ಲಿ ಕೂತ ಗುರುಗಳಿಗೆ ಇದೆಲ್ಲ ಎಲ್ಲಿಂದ ಗೊತ್ತಾಯಿತು ಎಂದು ಕೇಳುವ ಧೈರ್ಯ ಪಂಚಾಕ್ಷರಿಗೆ ಬರಲಿಲ್ಲ.

ಆ ಪಂದ್ಯದಲ್ಲಿ ಸವಾರ ಹಿಂತಿರುಗಿ ನೋಡುವಂತಿಲ್ಲ. ನೋಡಿದರೆ ಬಿದ್ದ ಎಂದೇ ಲೆಕ್ಕ. ಹೆಲ್ಮೆಟ್ಟಿನೊಳಗೆ ಯಾರ ಕೂಗೂ ಕೇಳಿಸದು. ಹಾಗಾಗಿ ಅವನ ಮೆಕ್ಯಾನಿಕ್ ಹಾದಿಯ ಅಂಚಿನಲ್ಲಿ ಒಂದು ಕರಿ ಹಲಗೆ ಹಿಡಿದು ನಿಲ್ಲುತ್ತಾನೆ. ನೀನು ಎಷ್ಟನೆಯವನು, ಹಿಂದೆ ಯಾರಿದ್ದಾರೆ, ಎಲ್ಲಿ ಹುಷಾರಾಗಿರಬೇಕು, ಇವನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದು ಸುತ್ತು ಸುತ್ತಿಗೂ ಎತ್ತಿ ತೋರಿಸುತ್ತಾನೆ. ಸವಾರನಿಗೆ ಬೆನ್ನ ಹಿಂದಿನ ಸುದ್ದಿ ತಿಳಿಯುವುದು ಆ ಹಲಗೆಯಿಂದ ಮಾತ್ರ.

ಸವಾರ ಗಟ್ಟಿಗ. ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಿದ್ದರೆ ದಿಬ್ಬ ಕಟ್ಟಿದವನನ್ನು ಬೈಯುವನು. ಹಿಂದುಳಿದರೆ ಬಾವುಟ ಹಿಡಿದವನನ್ನು ಬೈಯುವನು. ಬೈಯಲು ಯಾರೂ ಸಿಗದಿದ್ದರೆ ಮೆಕ್ಯಾನಿಕ್ ಹೇಗೂ ಇದ್ದ.

ಒಂದು ಸಲ ಹಲಗೆಯ ಮೇಲೆ 'ಐದನೆಯವನು' ಎಂದಿತ್ತು. ಓಟ ಮುಗಿದದ್ದೇ ಸವಾರ ಬಂದು ಹಲಗೆಯನ್ನು ಒದ್ದ. "ಸೋಲ್ತಾ ಇದ್ದೀನಿ ಅಂತ ಊರಿಗೆಲ್ಲ ಡಂಗುರ ಹೊಡೀತೀಯಾ?" ಎಂದು ಕೂಗಾಡಿದ. ಇನ್ನೊಂದು ಸಲ 'ಚೈನ್ ಸಡಿಲ, ನಿಧಾನ' ಎಂದಿತ್ತು. ನಿಧಾನಿಸಿದ, ಸೋತ. ಅವತ್ತು ಜನರೆದುರಿಗೇ ಕೈಗವಸು ಕಿತ್ತು ಮೆಕ್ಯಾನಿಕ್ಕನ ಮುಖಕ್ಕೆ ಎಸೆದ. ಚೈನ್ ಸಡಿಲವಾಗಿಯೇ ಇತ್ತು. ಅದನ್ನು ಬಗ್ಗಿ ನೋಡುವ ವ್ಯವಧಾನ ಅವನಿಗೆಲ್ಲಿತ್ತು?

ಅಲ್ಲಿಂದ ಮುಂದೆ ಹಲಗೆಯ ಮೇಲೆ ಒಳ್ಳೆಯ ಮಾತೇ ಬರತೊಡಗಿತು. 'ಚೆನ್ನಾಗಿದೆ.' 'ಹೀಗೇ ಹೋಗು.' ಸವಾರನಿಗೆ ಖುಷಿಯಾಯಿತು. ಈ ಮೆಕ್ಯಾನಿಕ್ಕನಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡ. ಸೋಲು ಮಾತ್ರ ಬೆನ್ನು ಬಿಡಲಿಲ್ಲ. ತಂಡದ ಯಜಮಾನ ಒಂದು ದಿನ ಅವನನ್ನು ಕರೆಸಿ, ವರ್ಷದ ಕೊನೆಯ ಪಂದ್ಯ ಗೆದ್ದರೆ ಉಳಿಯುತ್ತೀಯ, ಇಲ್ಲದಿದ್ದರೆ ಬೇರೆ ದಾರಿ ನೋಡಿಕೋ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟ.

ಆ ಕೊನೆಯ ಪಂದ್ಯದಲ್ಲಿ ಸವಾರ ಮೊದಲಿನಿಂದಲೂ ಮುಂದಿದ್ದ. ಹಲ್ಲು ಕಚ್ಚಿ ಓಡಿಸಿದ. ಕೊನೆಯ ಸುತ್ತಿಗೆ ಹೊರಳುವಾಗ ಹಲಗೆ ನೋಡಿದ. 'ಚೆನ್ನಾಗಿದೆ' ಎಂದಿತ್ತು. ಹಾಗಾದರೆ ಹಿಂದೆ ಹತ್ತಿರದಲ್ಲಿ ಯಾರೂ ಇಲ್ಲ. ಕೊನೆಯ ತಿರುವನ್ನು ಬೀಳದ ಹಾಗೆ ಅಗಲವಾಗಿ, ಹೊರಗಿನಿಂದ ಬಳಸಿಕೊಂಡು ಹೋದರಾಯಿತು ಎಂದುಕೊಂಡ. ಹಾಗೆಯೇ ಹೋದ. ಒಳಗಡೆ ತೆರವಾದ ಜಾಗದಲ್ಲಿ ಹಳದಿ ಬೈಕೊಂದು ನುಗ್ಗಿತು. ಅವನ ಕಣ್ಣೆದುರೇ ಗೆರೆ ದಾಟಿತು.

ಸವಾರ ಕೆಂಡಾಮಂಡಲವಾದ. ಬೈಕನ್ನು ಮಣ್ಣಿನಲ್ಲೇ ಕೆಡವಿ ಮೆಕ್ಯಾನಿಕ್ಕನ ಕತ್ತಿನಪಟ್ಟಿ ಹಿಡಿದ.

"ಅವನು ಹಿಂದೇನೇ ಇದ್ದ. ಕಾಣಲಿಲ್ವೇನೋ ನಿನಗೆ?"

"ಕಂಡಿತು."

"ಮತ್ತೆ ಬರೆಯೋಕೆ ಏನಾಗಿತ್ತು ರೋಗ?"

"ಬರೆದೆ, ಸಾರ್. ಆಮೇಲೆ ನಿಮ್ಮ ಸಿಟ್ಟು ನೆನಪಾಯ್ತು. ಒರೆಸಿಬಿಟ್ಟೆ."

ಸವಾರ ಹೊಡೆಯಲು ಕೈ ಎತ್ತಿದ. ಮೆಕ್ಯಾನಿಕ್ ಹಿಂದೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಕಣ್ಣು ಮುಚ್ಚಿಕೊಂಡ, ಅಷ್ಟೆ. ಅವನ ಅಂಗಿಯ ತೋಳಿನ ಮೇಲೆ ಸೀಮೆಸುಣ್ಣದ ಬಿಳಿ ಮೆತ್ತಿಕೊಂಡಿತ್ತು. ಸವಾರನ ಕೈ ಎತ್ತಿದಲ್ಲೇ ನಿಂತಿತು. ಹಲಗೆ ಒರೆಸಿದ್ದು ಆ ತೋಳು ನಿಜ. ಒರೆಸುವುದನ್ನು ಅದಕ್ಕೆ ಕಲಿಸಿದವನು ತಾನೇ ಎಂಬುದು ಆಗ ಹೊಳೆಯಿತು. ಹೊಳೆದದ್ದರಿಂದ ಸಿಟ್ಟೇನೂ ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು. ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯಲಿಲ್ಲ. ಎತ್ತಿದ ಕೈ ಇಳಿಸಿ, ಮಣ್ಣಲ್ಲಿ ಬಿದ್ದಿದ್ದ ಬೈಕನ್ನು ತಾನೇ ಎತ್ತಿ ನಿಲ್ಲಿಸಿದ.

ತಂಡ ಅವನನ್ನು ಕೈಬಿಟ್ಟಿತು. ಹಳೆಯದೊಂದು ಬೈಕ್ ಹೊಂದಿಸಿಕೊಂಡು, ಅದೇ ಮೆಕ್ಯಾನಿಕ್ಕನ ಮನೆ ಬಾಗಿಲಿಗೆ ಹೋದ.

"ಬರ್ತೀಯಾ?" ಎಂದ.

"ಬರ್ತೀನಿ. ಆದರೆ ಹಲಗೆ ಹಿಡಿಯಲ್ಲ."

"ಹಲಗೆಗೋಸ್ಕರಾನೇ ಕರೀತಿರೋದು ಮಾರಾಯ," ಎಂದ ಸವಾರ. ಮೆಕ್ಯಾನಿಕ್ ಚಪ್ಪಲಿ ಮೆಟ್ಟಿ ಹೊರಟ.

ಮುಂದಿನ ಪಂದ್ಯದಲ್ಲಿ ಹಲಗೆ ಮೇಲೆದ್ದಿತು. 'ಒಂಬತ್ತನೆಯವನು. ತಿರುವಿನಲ್ಲಿ ಹೆದರುತ್ತಿದ್ದೀಯ' ಎಂದಿತ್ತು. ಸವಾರನಿಗೆ ಮೈಯೆಲ್ಲ ಉರಿದುಹೋಯಿತು. ಹೆದರುತ್ತೀಯ ಎಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹೆಲ್ಮೆಟ್ಟಿನೊಳಗೆ ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡ. ಮುಂದಿನ ತಿರುವು ಬಂದಾಗ ತನ್ನ ಬೆರಳು ಬೇಡದಿದ್ದರೂ ಬ್ರೇಕ್ ಹಿಡಿದಿರುವುದು ಗಮನಕ್ಕೆ ಬಂತು. ಆ ಹಾಳು ಮನುಷ್ಯ ಬರೆದದ್ದು ನಿಜವಾಗಿತ್ತು.

ಓಟ ಮುಗಿಯಿತು. ಸವಾರ ಬಂದ. ಮೆಕ್ಯಾನಿಕ್ ಹಲಗೆಯನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಲು ಸಿದ್ಧನಾಗಿ ನಿಂತಿದ್ದ. ಸವಾರ ಹೆಲ್ಮೆಟ್ ತೆಗೆದ. ಬೈಗುಳ ಬಾಯಿಗೆ ಬಂದಿತ್ತು, ಬೈಯಲಿಲ್ಲ.

"ಅಕ್ಷರ ಸಣ್ಣದಾಯ್ತು. ಇನ್ಮೇಲೆ ದೊಡ್ಡದಾಗಿ ಬರಿ," ಎಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಪಂಚಾಕ್ಷರಿಗೆ ತಾಳ್ಮೆ ಸಾಲಲಿಲ್ಲ.

"ಕತೆ ಇರಲಿ ಬುದ್ಧಿ. ಈಗ ಈ ಅಡುಗೆಯವರನ್ನ ಏನು ಮಾಡಲಿ, ಅದು ಹೇಳಿ. ಇಲ್ಲಿ ಯಾರೊಬ್ಬರೂ ನನಗೆ ನಿಜ ಹೇಳಲ್ಲ."

ಗುರುಗಳು ಅವನ ಮುಖ ನೋಡಿ ಹೇಳಿದರು: "ನಿನ್ನೆ ಸಾರು ಹಳಸಿತ್ತು ಕಣಪ್ಪ, ನಾನೂ ಸುಮ್ಮನೆ ಉಂಡೆ."