ಹೆಳವ ನಿಂತ ಹೆಸರು

"ಮಾಸ್ತರ, ಇನ್ನೊಬ್ಬರು ಹಾಡಿದ ಹಾಡು ಹಾಡಿ, ಅದರ ಮ್ಯಾಲೆ ನನ್ನ ಹೆಸರು ಹಾಕ್ಕೊಂಡ್ರ, ಅದು ಎಂಜಲಾ ಉಂಡಂಗ ಅಲ್ಲೇನ್ರಿ?"

ಕೇಳಿದವಳು ನೀಲಗಂಗಾ. ಕೇಳಿಸಿಕೊಂಡವರು ಅವಳಿಗೆ ಏಳನೆಯ ವಯಸ್ಸಿನಿಂದ ಸಂಗೀತ ಕಲಿಸಿದ ಅಡಿವೆಪ್ಪ ಮಾಸ್ತರರು.

ಈ ಪ್ರಶ್ನೆ ಯಾಕೆ ಬಂತು ಎಂಬುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನೀಲಗಂಗಾ ಪಾಪ್ ಗಾಯಕಿ. ಹನ್ನೊಂದು ವರ್ಷ ನಾಲ್ವರು ಹೆಣ್ಣುಮಕ್ಕಳ ಒಂದು ತಂಡದಲ್ಲಿ ಹಾಡಿದಳು. ಅಲ್ಲಿ ಹಾಡು ಬರೆಯುವವಳು ಒಬ್ಬಳು, ರಾಗ ಹಾಕುವವಳು ಇನ್ನೊಬ್ಬಳು. ನೀಲಗಂಗಾ ಹಾಡುವವಳು ಮಾತ್ರ. ತಂಡ ಒಡೆಯಿತು. ಆಮೇಲೆ ಅವಳು ತಾನೊಬ್ಬಳೇ ನಿಂತು ಒಂದು ಆಲ್ಬಮ್ ಮಾಡಿದಳು. ಅದರಲ್ಲಿ ಹತ್ತು ಹಾಡು. ಹತ್ತೂ ಹಳೆಯವು. ಹತ್ತನ್ನೂ ಮೊದಲೇ ಬೇರೆಯವರು ಹಾಡಿ ನಾಡಿಗೆಲ್ಲ ಪರಿಚಯ ಮಾಡಿಸಿದ್ದರು. ಅವಳು ಎಲ್ಲರ ಅನುಮತಿ ಪಡೆದೇ ಹಾಡಿದ್ದಳು, ಕದ್ದು ಹಾಡಿದ್ದಲ್ಲ. ಇದನ್ನೂ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವಳ ನೋವು ಕಾನೂನಿನದಲ್ಲ.

ನೋವು ಒಂದು ಮಾತಿನದು. ಹಿಂದಿನ ವಾರ ಆಲ್ಬಮ್ ಹೊರತರುವ ಕಂಪನಿಯವರು ಅದರ ಒಂದು ತುಣುಕನ್ನು ಜನರಿಗೆ ಕೇಳಿಸಿದ್ದರು. ಅದನ್ನು ಕೇಳಿದ ಹಳೆಯ ತಂಡದ ಗೆಳತಿ ಫೋನು ಮಾಡಿ ನಕ್ಕಳು. "ಏನವಾ ನೀಲಾ, ಮಂದಿ ತಾಟಿನಾಗ ಉಂಡಿ, ತೇಗು ಮಾತ್ರ ನಿಂದಾ?" ಎಂದಳು.

ಗೆಳತಿ ಅದನ್ನು ತಮಾಷೆಗೆ ಅಂದಿರಬಹುದು. ನೀಲಗಂಗಾಳಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ಈ ಪ್ರಶ್ನೆ ಕೇಳಿದ ಮರುದಿನ ಮಧ್ಯಾಹ್ನದೊಳಗೆ ಕಂಪನಿಯವರಿಗೆ ಅವಳು ಕೊನೆಯ ಮಾತು ಹೇಳಬೇಕಿತ್ತು: ಆಲ್ಬಮ್ ಹೊರಗೆ ಬರಲಿ, ಇಲ್ಲವೆ ಬೇಡ. ಬೇಡ ಎನ್ನಬೇಕೆಂದು ಅವಳು ನಿಶ್ಚಯಿಸಿದ್ದಳು. ಮಾಸ್ತರರಿಗೆ ತಿಳಿಸಿ ಹೋಗೋಣವೆಂದು ಅವರ ಮನೆಗೆ ಬಂದಿದ್ದಳು. ತಿಳಿಸಲು ಬಾಯಿ ತೆರೆದಾಗ ಪ್ರಶ್ನೆ ಬಂತು.

ಮಾಸ್ತರರು ನಕ್ಕರು.

"ಹಂಗಾರ ನಾ ಐವತ್ತು ವರ್ಷ ಬರೇ ಎಂಜಲಾ ಉಂಡೇನಿ ಬಿಡು. ನಾ ಹಾಡಿದ್ರಾಗ ನಾ ಕಟ್ಟಿದ್ದು ಒಂದೂ ಇಲ್ಲ."

ನೀಲಗಂಗಾ ನಗಲಿಲ್ಲ. ಅದನ್ನು ಕಂಡು ಅವರು ಗೋಡೆಗೆ ಒರಗಿದ್ದವರು ನೆಟ್ಟಗೆ ಕುಳಿತರು.

"ಒಂದು ಕತಿ ಹೇಳ್ತೇನಿ ಕೇಳು. ನನಗ ಕತಿ ಹೇಳಾಕ ಬರೂದಿಲ್ಲವಾ. ಹಾಡು ಕಲಸು ಅಂದ್ರ ಕಲಸ್ತೇನಿ. ಕತಿ ಅಂತ ಹೇಳೂದು ಇದಾ ಮೊದಲು. ಎಲ್ಲ್ಯಾರ ಕೆಟ್ರ ಹೊಟ್ಟ್ಯಾಗ ಹಾಕ್ಕೊ. ನಿನಗ ತಿಳೀಲಾರದಂಗ ಒಂದೂ ಬಿಡೂದಿಲ್ಲ, ಎಲ್ಲಾ ಬಿಡಿಸಿ ಹೇಳ್ತೇನಿ."

ಹೀಗೆಂದು ಅವರು ಗಂಟಲು ಸರಿಮಾಡಿಕೊಂಡರು. ಕತೆ ಶುರುವಾದ ಕೂಡಲೇ ಅವರ ಮಾತು ಪುಸ್ತಕದ ಮಾತಾಯಿತು. ಶಾಲೆಯಲ್ಲಿ ಪಾಠ ಹೇಳಿದ ರೂಢಿ ಅದು.

ಒಬ್ಬ ಹೆಳವನಿದ್ದ. ಹೆಳವ ಎಂದರೆ ಮನೆತನಗಳ ವಂಶಾವಳಿ ಹೇಳುವವನು. ಎತ್ತಿನ ಮೇಲೆ ಕುಳಿತು ಊರಿಂದ ಊರಿಗೆ ಬರುತ್ತಾನೆ. ಒಂದೊಂದು ಮನೆಯ ಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ಹಿಡಿದು ಎಲ್ಲ ಹೆಸರನ್ನೂ ಹೇಳುತ್ತಾನೆ. ಇಂಥವನ ಮಗ ಇಂಥವ, ಅವನ ಮಗ ಇಂಥವ ಎಂದು. ಬಾಳಿದವರ ಹೆಸರನ್ನೂ ಹೇಳುತ್ತಾನೆ, ಬಾಳದೆ ಹೋದ ಕೂಸುಗಳ ಹೆಸರನ್ನೂ ಹೇಳುತ್ತಾನೆ. ಮನೆಯವರು ಕಾಳು ಕೊಡುತ್ತಾರೆ. ಹೊಸ ಕೂಸು ಹುಟ್ಟಿದ್ದರೆ ಅದರ ಹೆಸರನ್ನೂ ಕೊಡುತ್ತಾರೆ. ಅವನು ಮತ್ತೆ ಬರುವುದು ಮೂರು ವರ್ಷಕ್ಕೆ.

"ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆಂದರೆ," ಎಂದರು ಮಾಸ್ತರರು, "ಹೆಳವ ಹೇಳುವ ಹೆಸರುಗಳಲ್ಲಿ ಒಂದೂ ಅವನದಲ್ಲ. ಇದು ನೆನಪಿರಲಿ."

"ನೆನಪೈತ್ರಿ," ಎಂದಳು ನೀಲಗಂಗಾ.

ಈ ಹೆಳವ ಹರೆಯದವನು. ವಿದ್ಯೆ ಕಲಿತದ್ದು ಸೋದರಮಾವನಿಂದ. ಮಾವ ತೀರಿಕೊಂಡ ಮೇಲೆ ಮಾವನ ಊರುಗಳು ಇವನ ಪಾಲಿಗೆ ಬಂದವು. ಬರೆದಿಟ್ಟ ಪುಸ್ತಕವಿರಲಿಲ್ಲ. ಎಲ್ಲ ಬಾಯಲ್ಲೇ. ಮೊದಲ ಸಲ ಹೊರಟಾಗ ಇವನು ಮಾವ ಹೇಳಿದಂತೆಯೇ ಹೇಳಿದ. ಜನ ಹೊರಗೆ ಬಂದು, "ಥೇಟು ನಿನ್ನ ಮಾವನೇ ಬಂದ ಹಾಗಾಯಿತು," ಎಂದರು. ಮೊದಲನೆಯ ಊರಿನಲ್ಲಿ ಈ ಮಾತು ಸಿಹಿಯಾಗಿತ್ತು. ಹತ್ತನೆಯ ಊರಿಗೆ ಬರುವಷ್ಟರಲ್ಲಿ ಕಹಿಯಾಯಿತು. ಮಾವನೇ ಬಂದಿದ್ದರೆ ನಾನು ಎಲ್ಲಿ ಎಂದು ಅವನಿಗೆ ಅನಿಸಿತು.

ಆದ್ದರಿಂದ ಎರಡನೆಯ ಸಲ ಬಂದಾಗ ಅವನು ಮಾವನದೇನನ್ನೂ ಇಟ್ಟುಕೊಳ್ಳಲಿಲ್ಲ. ಮಾವ ನಿಧಾನವಾಗಿ ಹೇಳುತ್ತಿದ್ದುದನ್ನು ಬೇಗ ಹೇಳಿದ. ಮಾವ ತಗ್ಗಿಸುತ್ತಿದ್ದಲ್ಲಿ ದನಿ ಏರಿಸಿದ. ಹೆಸರುಗಳ ಹಿಂದೆ ವೀರ, ಶೂರ, ದಾನಿ ಎಂದು ಸೇರಿಸಿದ. ಕೆಲವು ಮನೆಗಳಲ್ಲಿ ಇದರಿಂದ ಸಂತೋಷಪಟ್ಟು ಎರಡು ಸೇರು ಹೆಚ್ಚಿಗೆ ಸುರಿದರು.

ಹೀಗೇ ಒಬ್ಬ ರೈತನ ಮನೆಗೆ ಬಂದ. ರೈತನಿಗೆ ಮುದುಕಿ ತಾಯಿಯಿದ್ದಳು. ಅವಳ ಚೊಚ್ಚಲು ಗಂಡು ಮಗು ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಿತ್ತು. ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೆಳವನ ಬಾಯಲ್ಲಿ ಮಾತ್ರ ಅದು ಉಳಿದಿತ್ತು. ಮಾವ ಆ ಹೆಸರಿಗೆ ಬಂದಾಗ ದನಿ ತಗ್ಗಿಸಿ, ಹೆಸರು ಹೇಳಿ, ಒಂದು ಉಸಿರಿನಷ್ಟು ನಿಲ್ಲುತ್ತಿದ್ದ. ಒಳಗೆ ಜೋಳ ಕೇರುತ್ತಿದ್ದ ಅವಳ ಮೊರವೂ ಅಷ್ಟು ಹೊತ್ತು ನಿಲ್ಲುತ್ತಿತ್ತು. ಮೂರು ವರ್ಷಕ್ಕೊಮ್ಮೆ, ಒಂದು ಉಸಿರಿನಷ್ಟು. ಅವಳಿಗಿದ್ದದ್ದು ಅಷ್ಟೇ.

ಹರೆಯದ ಹೆಳವ ಆ ಹೆಸರನ್ನು ಏರುದನಿಯಲ್ಲಿ ಹೇಳಿ ಮುಂದೆ ಓಡಿದ.

ಮುದುಕಿ ಹೊರಗೆ ಬಂದಳು.

"ನನ್ನ ಕೂಸನ್ನು ಬಿಟ್ಟೆಯಲ್ಲೋ."

"ಬಿಟ್ಟಿಲ್ಲ ಅಜ್ಜಿ. ಹೇಳಿದೆ. ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ."

"ಹೇಳಿದೆಯಪ್ಪ," ಎಂದಳು ಮುದುಕಿ. "ಕರೆಯಲಿಲ್ಲ."

ಕೊಡುವ ಕಾಳನ್ನು ಕೊಟ್ಟು ಒಳಗೆ ಹೋದಳು. ರೈತ ಹೆಳವನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ನೋಡುತ್ತೇನೆ. ಮತ್ತೆ ಅವ್ವನ ಮನಸ್ಸು ನೋಯಿಸಿದರೆ ನಮ್ಮ ಮನೆ ಬಿಟ್ಟು ಮುಂದೆ ಹೋಗು," ಎಂದ.

"ಇದು ದೊಡ್ಡ ಮಾತು," ಎಂದರು ಮಾಸ್ತರರು. "ಯಾಕೆ ದೊಡ್ಡದು? ಹೆಳವನಿಗೆ ಒಂದು ಮನೆ ಮುಚ್ಚಿದರೆ, ಆ ಮನೆಯ ಹೆಸರುಗಳಿಗೆ ಬೇರೆ ಬಾಯಿಲ್ಲ. ಇವನಿಗೆ ಕಾಳು ಹೋಗುತ್ತದೆ, ಅದು ಇರಲಿ. ಅವರಿಗೆ ಏಳು ತಲೆಮಾರು ಹೋಗುತ್ತದೆ. ಆ ಕೂಸೂ ಹೋಗುತ್ತದೆ."

"ಹಂಗಾರ ಮಾವನಂಗ ನಿಂತ್ರ ಆತಲ್ರಿ?" ಎಂದಳು ನೀಲಗಂಗಾ. ಅವಳಿಗೆ ಆ ಮುದುಕಿಯ ಮುಖ ಕಣ್ಣಿಗೆ ಕಟ್ಟಿತ್ತು. ತನ್ನ ಪ್ರಶ್ನೆಯನ್ನು ಆ ಗಳಿಗೆಗೆ ಮರೆತಿದ್ದಳು.

"ತಡಿಯವಾ! ನಡುವ ಬಾಯಿ ಹಾಕಿದ್ರ ನನಗ ಎಳಿ ತಪ್ಪತೈತಿ. ಅಂವಾನೂ ಹಂಗಾ ಅನ್ಕೊಂಡ."

ಹೆಳವ ಹಾಗೆಯೇ ಅಂದುಕೊಂಡ. ಮುಂದಿನ ಸಲ ಮಾವ ನಿಂತಲ್ಲಿ ಮಾವನಂತೆಯೇ ನಿಲ್ಲುತ್ತೇನೆ ಎಂದು. ದಾರಿಯಲ್ಲಿ ಎತ್ತಿನ ಮೇಲೆ ಕುಳಿತು ಅಭ್ಯಾಸ ಮಾಡಿದ. ಹೆಸರು, ಆಮೇಲೆ ಒಂದು ಉಸಿರು. ಹೆಸರು, ಆಮೇಲೆ ಒಂದು ಉಸಿರು.

ಆ ಮೂರು ವರ್ಷಗಳಲ್ಲಿ ಅವನಿಗೂ ಒಂದು ಗಂಡು ಕೂಸು ಹುಟ್ಟಿತು. ಎಂಟನೆಯ ತಿಂಗಳಲ್ಲಿ ಜ್ವರ ಬಂದು, ಬಿಡಾರದಲ್ಲೇ ತೀರಿಕೊಂಡಿತು. ಹೆಂಡತಿ ಅತ್ತಳು. ಅವನು ಅಳಲಿಲ್ಲ. ಬಿಡಾರ ಕಿತ್ತು, ಗಂಟು ಕಟ್ಟಿ, ಎತ್ತಿನ ಮೇಲೆ ಹೇರಬೇಕಾಗಿತ್ತು. ಅದನ್ನು ಮಾಡುವವನು ಅವನೊಬ್ಬನೇ.

ರೈತನ ಮನೆಯ ಸರದಿ ಬಂತು. ರೈತ ಬಾಗಿಲಲ್ಲಿ ನಿಂತಿದ್ದ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಹೆಳವ ಶುರುಮಾಡಿದ. ಮೂಲಪುರುಷನಿಂದ ಇಳಿಯುತ್ತ ಇಳಿಯುತ್ತ ಮುದುಕಿಯ ಗಂಡನ ಹೆಸರಿಗೆ ಬಂದ. ಗಂಡ ಸತ್ತು ಆಗಲೇ ಬಹಳ ವರ್ಷವಾಗಿತ್ತು. ಅವನ ಹೆಸರು ಹೇಳಿ, "ಅವನ ಮಗ" ಎಂದು ಕೂಸಿನ ಹೆಸರಿಗೆ ದಾಟಬೇಕು. ನಿಲ್ಲುವುದು ಅಲ್ಲಿ, ಕೂಸಿನ ಹೆಸರು ಹೇಳಿದ ಮೇಲೆ. ಅಭ್ಯಾಸ ಮಾಡಿದ್ದೂ ಅದನ್ನೇ.

ದಾಟಲಾಗಲಿಲ್ಲ. ಕೂಸಿನ ತಂದೆಯ ಹೆಸರಿನಲ್ಲೇ ಹೆಳವನ ಉಸಿರು ಕಟ್ಟಿತು. ಬಾಯಿ ತೆರೆದ, ದನಿ ಬರಲಿಲ್ಲ. ಎತ್ತು ತಲೆ ಕೊಡವಿತು. ಆಮೇಲೆ ಅವನು ಕೂಸಿನ ಹೆಸರನ್ನು ಮೆಲ್ಲಗೆ ಹೇಳಿ, ಉಳಿದವರನ್ನೆಲ್ಲ ಹೇಳಿ ಮುಗಿಸಿದ.

ಒಳಗೆ ಮೊರದ ಸದ್ದು ಆಗಲೇ ನಿಂತಿತ್ತು. ಮುದುಕಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು.

"ಏನಪ್ಪ, ಹೊಸದೇನಾದರೂ ಸೇರಿಸಿದೆಯಾ?"

"ಇಲ್ಲ ಅಜ್ಜಿ. ಎಲ್ಲ ಮಾವ ಕಲಿಸಿದವೇ. ಒಂದು ಹೆಸರು ಮೊದಲೇ ನಿಂತುಬಿಟ್ಟೆ. ತಪ್ಪಾಯಿತು."



"ನೀನು ನಿಂತದ್ದು ನನ್ನ ಗಂಡನ ಹೆಸರಿನಲ್ಲಿ. ಅವತ್ತು ಕೂಸನ್ನು ಮಣ್ಣುಮಾಡಿ ಬಂದವನು ಕೈಕಾಲು ತೊಳೆದುಕೊಂಡು, ರೊಟ್ಟಿ ಹಾಕು ಎಂದಿದ್ದ," ಎಂದಳು ಮುದುಕಿ. "ಕಲ್ಲು ಎಂದು ಬೈದಿದ್ದೆ. ಅವನು ಸಾಯುವ ತನಕ ಕಲ್ಲೆಂದೇ ತಿಳಿದಿದ್ದೆ."

ಆಮೇಲೆ ಮಗನ ಕಡೆ ತಿರುಗಿದಳು.

"ಇವನ ಎತ್ತು ಕೊಟ್ಟಿಗೆಯಲ್ಲಿ ಕಟ್ಟು. ಇವತ್ತು ಇಲ್ಲೇ ಉಣ್ಣುತ್ತಾನೆ."

"ಕತಿ ಮುಗೀತು," ಎಂದರು ಮಾಸ್ತರರು. ಮುಗಿದದ್ದು ನೀಲಗಂಗಾಳಿಗೆ ಗೊತ್ತಾಗದೆ ಹೋದೀತೆಂಬ ಹೆದರಿಕೆ ಅವರಿಗಿತ್ತು. "ಈಗ ಇದರ ಅರ್ಥ ಹೇಳ್ತೇನಿ. ಹೆಳವ ಅಂದ್ರ ನೀ. ಹೆಸರು ಅಂದ್ರ ಹಾಡು. ಮಾವ ಅಂದ್ರ ಮೊದಲು ಹಾಡಿದವರು. ಮಾವನಂಗಾ ಹಾಡ್ತೇನಿ ಅನ್ನೂದು ಒಂದು ತಪ್ಪು. ಮಾವನಂಗ ಹಾಡಾಂಗಿಲ್ಲ ಅನ್ನೂದು ಇನ್ನೊಂದು ತಪ್ಪು. ಯಾಕಂದ್ರ ಎರಡರಾಗೂ ನಿನ್ನ ಲಕ್ಷ್ಯ ಮಾವನ ಮ್ಯಾಲಾ ಇರತೈತಿ, ಹೆಸರಿನ ಮ್ಯಾಲೆ ಇರೂದಿಲ್ಲ. ತಿಳೀತಿಲ್ಲೊ? ಇನ್ನ ಎತ್ತು. ಎತ್ತು ಅಂದ್ರ..."

ಅವರು ಮೇಲೆ ತೊಲೆ ನೋಡಿದರು.

"ಎತ್ತು ಅಂದ್ರ ಏನೂ ಇಲ್ಲ ಬಿಡು. ಎತ್ತು ಎತ್ತಾ. ಈಗ ನಿನ್ನ ಎಂಜಲದ ಮಾತಿಗೆ ಬರ್ತೇನಿ, ಅದಾ ಮುಖ್ಯ. ಎಂಜಲಾ ಅನ್ನೂದು ಬಾಯಿಗೆ ಹತ್ತತೈತೋ, ಅನ್ನಕ್ಕ ಹತ್ತತೈತೋ, ಅದನ್ನ ಮೊದಲು ಬಿಡಿಸಿ ನೋಡಬೇಕು. ಬಿಡಿಸಿ ನೋಡಿದ್ರ..."

"ಏನ್ರೀ!" ಎಂದು ಅಂಗಳದಿಂದ ಅವರ ಹೆಂಡತಿ ಕಾಶವ್ವ ಕೂಗಿದಳು. "ನಳಾ ಬಂತ್ರೀ! ಎಂಟು ದಿನಕ್ಕ ಬಂದೈತಿ, ನೀವೇನು ಅಲ್ಲಿ ಪುರಾಣ ಹಚ್ಚೀರಿ? ಕೊಡಾ ತರ್ರಿ ಲಗೂನ, ಹೋದೀತು!"

ಆ ಓಣಿಯಲ್ಲಿ ನಳಕ್ಕೆ ನೀರು ಬಂದಾಗ ಯಾವ ಮಾತೂ ಮುಗಿಯುವುದಿಲ್ಲ. ಮಾಸ್ತರರು ಎದ್ದು ಧೋತರದ ತುದಿ ಸಿಕ್ಕಿಸಿಕೊಂಡರು. ಎರಡೂ ಕೈಯಲ್ಲಿ ಕೊಡ ಹಿಡಿದರು.

"ಮಾಸ್ತರ," ಎಂದಳು ನೀಲಗಂಗಾ, "ನಾಳೆ ಅವರಿಗೆ ನಾ ಏನಂತ ಹೇಳ್ಲಿ?"

ಅವರು ಹೊಸ್ತಿಲಲ್ಲಿ ತಿರುಗಿದರು. ಬಿಡಿಸಿ ಹೇಳಲು ಹೊತ್ತಿರಲಿಲ್ಲ.

"ಆ ಅಜ್ಜಿ ಗಂಡನ ಹೆಸರು ಆ ಮನ್ಯಾಗ ಮೊದಲಿಂದಾನೂ ಇತ್ತವಾ, ಅಂವಾ ಅತ್ತಿದ್ದು ಮಾತ್ರ ಆವತ್ತ, ಹೆಳವ ನಿಂತಾಗ."

ನೀಲಗಂಗಾ ನಾಳೆಗೆ ಕಾಯದೆ ಕಂಪನಿಯವರಿಗೆ ಫೋನು ಮಾಡಿ, "ಆಲ್ಬಮ್ ಹೊರಗ ಬರಲಿ," ಎಂದಳು.