ಬೂದಿಯ ಹಲಗೆ ಮತ್ತು ಪುಂಡಿನಾರು

ಕ್ಷಾರದಲ್ಲಿ ಕಲಸಿದ ಹಾರುಬೂದಿಯನ್ನು ಹಲಗೆಯ ಅಚ್ಚಿಗೆ ಸುರಿಯುವ ಮುನ್ನ ಮೇಸ್ತ್ರಿ ದುರಗಮ್ಮ ಪುಂಡಿ ಗಿಡವನ್ನು ಕೆರೆಯಲ್ಲಿ ಕೊಳೆಹಾಕಿ ತೆಗೆದ ಒಂದು ಹಿಡಿ ನಾರು ಬೆರೆಸಿದಳು. ಬೂದಿಗೆ ಅವಮಾನವಾಯಿತು.

“ನಾನು ಕುಲುಮೆ ದಾಟಿ ಬಂದವನು. ಕೆರೆಯಲ್ಲಿ ಕೊಳೆತವಳಿಗೆ ನನ್ನ ಮೈಯಲ್ಲೇನು ಕೆಲಸ?”

“ಕೊಳೆತದ್ದೆಲ್ಲ ಕೆರೆಯಲ್ಲೇ ಹೋಯಿತಣ್ಣ. ಉಳಿದವಳು ನಾನು,” ಎಂದಿತು ನಾರು.

ಬೂದಿ ಗಟ್ಟಿಯಾಗಿ ಹಲಗೆಯಾದ ಮೇಲೆ ದುರಗಮ್ಮ ಅದನ್ನು ಎರಡು ಕಲ್ಲುಗಳ ಮೇಲೆ ಅಡ್ಡಲಾಗಿ ಇಟ್ಟು, ಪರೀಕ್ಷೆಗೆಂದು ಒಂದೊಂದೇ ಚೀಲ ಹೇರತೊಡಗಿದಳು. ಅದು ಎಂಟು ಚೀಲ ಮರಳು ಹೊರಬೇಕು. ಎರಡು ತುಂಡಾದರೆ ಆ ದಿನದ ಹಲಗೆಗಳೆಲ್ಲ ತಿಪ್ಪೆಗೆ. ಏಳನೆಯ ಚೀಲಕ್ಕೇ ಹಲಗೆಯ ಹೊಟ್ಟೆ ಚಟ್ಟನೆ ಬಿರಿಯಿತು.

“ಸತ್ತೆ ತಂಗಿ!”

“ಬಿರಿದಿದ್ದೀಯ ಅಷ್ಟೆ, ಎರಡಾಗಿಲ್ಲ. ಸುಮ್ಮನಿರು,” ಎಂದು ನಾರು ಬಿರುಕಿನ ಎರಡೂ ಬದಿಯನ್ನು ಬಿಗಿಹಿಡಿಯಿತು.

ಎಂಟನೆಯ ಚೀಲಕ್ಕೆ ಹಲಗೆ ಬಾಗಿತು, ಬೀಳಲಿಲ್ಲ.

“ಈ ದುರಗಮ್ಮನ ಕೈ ಬಲು ಬಿಗಿ,” ಎಂದು ಹಲಗೆ ಗೊಣಗಿತು. “ನಿನ್ನನ್ನು ಇನ್ನೊಂದಿಷ್ಟು ಹಾಕಬಾರದಿತ್ತೇ?”