ಎರಡೂ ಕೈ ತುಂಬ ಚಹಾ

ವರದಾ ನದಿಯ ದಂಡೆಯ ಮೇಲೆ ಹಿಂದೊಮ್ಮೆ ಸಾಧುಗಳ ಆಶ್ರಮವಿತ್ತು. ಈಗ ಅಲ್ಲಿ ಹೆಣ್ಣುಮಕ್ಕಳ ಕಾಲೇಜು ಇದೆ. ಸಾಧುಗಳು ಹೋಗಿ ಕಂಪ್ಯೂಟರುಗಳು ಬಂದವು. ಕೂತವರು ಹಸಿವು ನೀರಡಿಕೆ ಮರೆತು ಕೂರುವುದು ಮಾತ್ರ ಹಾಗೆಯೇ ಉಳಿದುಕೊಂಡಿದೆ.

ಅಲ್ಲಿ ಕಂಪ್ಯೂಟರ್ ಕಲಿಸುವವರು ಹಾದಿಮನಿ ಮೇಡಂ. ನಿವೃತ್ತಿ ಹತ್ತಿರ ಬಂದವರು. ಮಾತು ಕಡಿಮೆ, ಮಂಡಿನೋವು ಹೆಚ್ಚು.

ಅವರ ಶಿಷ್ಯೆ ದಾನೇಶ್ವರಿ, ಕೊನೆಯ ವರ್ಷದವಳು. ಅವಳಷ್ಟು ಚುರುಕು ಕಾಲೇಜಿನಲ್ಲಿ ಇನ್ನೊಬ್ಬಳಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಗೊತ್ತಿರುವುದು ತಪ್ಪೇನಲ್ಲ.

ಆ ವರ್ಷ ಮೇಡಂ ಒಂದು ಹ್ಯಾಕಥಾನ್ ಇಟ್ಟರು. ಒಂದೇ ಪಟ್ಟಿಗೆ ಕೂತು, ಕಂಪ್ಯೂಟರಿನಲ್ಲಿ ಉಪಯೋಗಕ್ಕೆ ಬರುವಂಥದ್ದೇನಾದರೂ ಕಟ್ಟಿ ತೋರಿಸುವ ಸ್ಪರ್ಧೆ ಅದು. ದೊಡ್ಡ ಊರುಗಳಲ್ಲಿ ರಾತ್ರಿಯೆಲ್ಲ ನಡೆಯುತ್ತದಂತೆ. ಇಲ್ಲಿ ಹುಡುಗಿಯರ ಸಂಜೆ ಬಸ್ಸಿಗೆ ಮುಗಿಯಲೇಬೇಕು.

ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಮೇಡಂ ಒಂದೇ ಸಾಲು ಬರೆದಿದ್ದರು: ಏನೂ ಬಾರದವರು ಬರ್ರಿ.

ದಾನೇಶ್ವರಿ ಅದನ್ನು ಓದಿ, "ಮೇಡಂ, ಹಿಂಗ ಬರದ್ರ ಖರೇನ ಏನೂ ಬಾರದವರು ಬರ್ತಾರ್ರಿ" ಎಂದಳು.

"ಮತ್ತ? ಅವ್ರು ಬರ್ಲಿ ಅಂತನ ಬರದೀನಿ."

ಬಂದರು. ಕಥೆ ಕವಿತೆ ಓದುವವರು, ಲೆಕ್ಕಶಾಸ್ತ್ರದವರು, ಗೃಹವಿಜ್ಞಾನದವರು. ಕೆಲವರು ಕೀಲಿ ಒತ್ತಿದರೆ ಏನಾದರೂ ಸಿಡಿದೀತೆಂದು ಬೆರಳು ಹಿಂದೆಳೆದುಕೊಳ್ಳುತ್ತಿದ್ದರು.

ಒಬ್ಬಳೂ ಬರಿಗೈಲಿ ಮನೆಗೆ ಹೋಗಬಾರದು ಎಂದು ದಾನೇಶ್ವರಿ ಮನಸ್ಸಿನಲ್ಲೇ ಶಪಥ ಮಾಡಿದಳು. ಶಪಥ ಒಳ್ಳೆಯದೇ.

"ಅಕ್ಕಾ, ಪರದೆ ಕರ್ರಗಾತು!"

"ಅಕ್ಕಾ, ಕೆಂಪ್ ಗೆರಿ ಬಂತು!"

ಕರೆದಲ್ಲಿಗೆ ದಾನೇಶ್ವರಿ ಓಡುವಳು. "ಸ್ವಲ್ಪ ಸರಕೋ" ಎನ್ನುವಳು. ಹುಡುಗಿ ಕುರ್ಚಿ ಸರಿಸುವಳು. ದಾನೇಶ್ವರಿಯ ಬೆರಳು ಚಟಪಟ ಓಡುವವು. ತಪ್ಪು ಸರಿಹೋಗುವುದು. ಹುಡುಗಿ ಬಾಯಿಬಿಟ್ಟು ನೋಡುವಷ್ಟರಲ್ಲಿ ದಾನೇಶ್ವರಿ ಇನ್ನೊಬ್ಬಳ ಹತ್ತಿರ.

ಮಧ್ಯಾಹ್ನದ ಹೊತ್ತಿಗೆ ಅವಳ ಗಂಟಲು ಕಟ್ಟಿತು. ಸೊಂಟ ಹಿಡಿಯಿತು. ಹೊರಗೆ ಬಂದಳು.

ಹೊರಗೆ ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ. ಮೇಡಂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. ಅಲ್ಲಿಂದ ಕಿಟಕಿಯೊಳಗೆ ಹುಡುಗಿಯರು ಕಾಣುತ್ತಿದ್ದರು.

"ಮೇಡಂ, ಸ್ವಲ್ಪ ಸರಕೋರಿ. ಸಾಕಾಗಿ ಹೋಗೇತಿ. ಕುಂದರ್ತೀನಿ."

ಮೇಡಂ ಸರಿಯಲಿಲ್ಲ.

"ಇದು ದಣದವರು ಕುಂದ್ರೂ ಕಟ್ಟಿ. ನೀ ಇನ್ನೂ ದಣದಿಲ್ಲ."

ದಾನೇಶ್ವರಿಗೆ ಸಿಟ್ಟು ನೆತ್ತಿಗೇರಿತು. "ಮುಂಜಾನಿಂದ ನಾನೊಬ್ಬಾಕೀನ ಓಡ್ಯಾಡಾಕತ್ತೀನ್ರಿ. ತಪ್ಪು ತಿಳ್ಕೋಬ್ಯಾಡ್ರಿ, ನೀವು ಏನೂ ಮಾಡಿಲ್ಲ."

"ಹೌದು. ಅದಕ್ಕ ನನಗ ಇಷ್ಟು ದಣಿವು."

ಒಗಟು ಬಿಡಿಸುವ ಹೊತ್ತೇ ಅದು? ಮೇಡಂಗೆ ವಯಸ್ಸಾಯಿತು ಎಂದುಕೊಂಡು ದಾನೇಶ್ವರಿ ನಿಂತೇ ನೀರು ಕುಡಿದಳು.

ಅಷ್ಟರಲ್ಲಿ ಹುಡುಗಿಯೊಬ್ಬಳು ಚೀಲ ಹೆಗಲಿಗೇರಿಸಿಕೊಂಡು ಬಾಗಿಲು ದಾಟಿದಳು. ಮುಬೀನಾ, ಬಿ.ಎ. ಮೊದಲ ವರ್ಷದವಳು. ಮೆಣಸಿನಕಾಯಿ ಪೇಟೆಯ ಊರಿನಿಂದ ಬರುವವಳು.

"ಎಲ್ಲಿಗೆ ಹೊಂಟಿ?" ಮೇಡಂ ಕೇಳಿದರು.

"ಮನಿಗಿರಿ. ಬಸ್ ಐತಿ."

"ಬಸ್ ಸಂಜಿಗಿ ಐತಿ."

ಮುಬೀನಾ ನೆಲ ನೋಡಿದಳು.

"ಯಾಕ ಹೊಂಟಿಯ? ನಿಂದ ಎಲ್ಲಾರಕಿಂತ ಛಂದ ಆಗೇತಿ!" ಎಂದಳು ದಾನೇಶ್ವರಿ.

ಸುಳ್ಳಲ್ಲ. ಮುಬೀನಾಳ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ. ದಿನಾ ಬೆಳಿಗ್ಗೆ ಒಂದೊಂದೇ ಗೋದಾಮಿನ ಬಾಗಿಲಿಗೆ ಹೋಗಿ, ಕೆಲಸ ಇದೆಯೇ ಎಂದು ಕೇಳುತ್ತ ಅಲೆಯಬೇಕು. ಯಾವ ಗೋದಾಮಿನಲ್ಲಿ ಕೆಲಸವಿದೆ ಎಂಬುದು ಮನೆಯಲ್ಲೇ ಫೋನಿನಲ್ಲಿ ತಿಳಿದರೆ ಆ ಅಲೆದಾಟ ತಪ್ಪೀತು. ಇದು ಮುಬೀನಾಳ ಯೋಚನೆ.

ಯೋಚನೆ ಒಳ್ಳೆಯದೆಂದೇ ದಾನೇಶ್ವರಿ ಅದಕ್ಕೆ ಜೀವ ತೇಯ್ದಿದ್ದಳು. ಊರಿನ ನಕ್ಷೆ, ತಿಳಿ ನೀಲಿ ಬಣ್ಣ, ಗಂಟೆಯ ಸದ್ದು, ಎಲ್ಲವನ್ನೂ ತಾನೇ ಕೂತು ಹಾಕಿಕೊಟ್ಟಿದ್ದಳು.

"ತೋರ್ಸು ಬಾ, ನೋಡೂಣು" ಎಂದು ಮೇಡಂ ಮಂಡಿ ಹಿಡಿದುಕೊಂಡು ಎದ್ದರು.

ಮೂವರೂ ಒಳಗೆ ಹೋದರು. ಮುಬೀನಾ ಚೀಲ ಇಳಿಸದೆಯೇ ತನ್ನ ಕುರ್ಚಿಯಲ್ಲಿ ಕೂತಳು. ಮೇಡಂ ಪರದೆಯನ್ನು ನೋಡಿದರು.

"ಉದ್ಯೋಗ ಲಭ್ಯವಿದೆ ಅಂತ ಐತಿ. ನಿಮ್ಮ ಅಮ್ಮಿ ಹಂಗ ಅಂತಾಳೇನು?"

"ಇಲ್ರಿ. ಕೆಲಸ ಐತೇನ್ರಿ ಅಂತ ಕೇಳ್ತಾಳ್ರಿ."

"ಹಂಗಾರ ಅದನ್ನ ಬದಲಿ ಮಾಡು."

ಮುಬೀನಾಳ ಕೈ ಕೀಲಿಗಳ ತನಕ ಹೋಯಿತು. ಅಲ್ಲಿ ನಿಂತಿತು. ಮತ್ತೆ ಮಡಿಲಿಗೆ ಬಂದು ಬಿತ್ತು.

"ಅಕ್ಕನ್ನ ಕೇಳ್ರಿ. ಇದು ಅಕ್ಕಂದು."

ಮುಬೀನಾ ಪರದೆಯ ಒಂದು ಮೂಲೆಗೆ ಬೆರಳು ತೋರಿಸಿದಳು.

"ನಂದು ಒಂದ ಗುಂಡಿ ಇತ್ರಿ, ಕೆಂಪಂದು. ಒತ್ತಿದ್ರ ಕೆಲಸ ಐತಿ ಅಂತ ಬರ್ತಿತ್ತು. ಈಗ ಅದು ಇಲ್ಲ." ಅವಳ ದನಿಯಲ್ಲಿ ದೂರಿರಲಿಲ್ಲ. "ಇರ್ಲಿ ಬಿಡ್ರಿ. ಒಂದಿನ ಹೋಗಿ ನೋಡು, ತಲಿಗಿ ಹತ್ತಿದ್ರ ಮುಂದಿನ ವರ್ಷ ಕಂಪ್ಯೂಟರ್ ವಿಷಯ ತಗೋ, ಇಲ್ಲಂದ್ರ ಬಿಡು ಅಂದಿದ್ಲು ಅಮ್ಮಿ. ಹತ್ತೂದಿಲ್ಲ ಅಂತ ಗೊತ್ತಾತು."

ಆ ಕೆಂಪು ಗುಂಡಿ ದಾನೇಶ್ವರಿಗೆ ನೆನಪಿತ್ತು. ವಕ್ರವಾಗಿತ್ತು, ನೋಡಲು ಚೆನ್ನಾಗಿರಲಿಲ್ಲ. ಒಂದು ಮಾತೂ ಕೇಳದೆ ಅಳಿಸಿದ್ದಳು.

"ಹಂಗನ್ನಬ್ಯಾಡವಾ. ಈಗ ಮತ್ತ ಹಾಕಿ ಕೊಡ್ತೀನಿ. ಸ್ವಲ್ಪ ಸರಕೋ" ಎಂದು ಕೈ ಚಾಚಿದಳು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಕ್ಯಾಂಟೀನಿನಿಂದ ಆಗಷ್ಟೇ ಒಂದು ತಟ್ಟೆ ತುಂಬ ಚಹಾ ಬಂದಿತ್ತು. ಮೇಡಂ ಆ ದೊಡ್ಡ ತಟ್ಟೆಯನ್ನೆತ್ತಿ ದಾನೇಶ್ವರಿಯ ಚಾಚಿದ ಕೈಗಳ ಮೇಲೆ ಇಟ್ಟರು. ಲೋಟಗಳು ಅಂಚಿನ ತನಕ ತುಂಬಿದ್ದವು.

"ಹಿಡಿ."

"ಯಾರಿಗಿ ಕೊಡ್ಲಿರಿ?"

"ಯಾರಿಗೂ ಕೊಡಬ್ಯಾಡ. ಕೆಳಗೂ ಇಡಬ್ಯಾಡ. ಬಸ್ ಬರೂತನ ಹಿಡ್ಕೊಂಡಿರು."

ಮುಬೀನಾಳ ಹೆಗಲಿನ ಚೀಲ ಇಳಿಸಿ ಕುರ್ಚಿಗೆ ತೂಗುಹಾಕಿ, ಮೇಡಂ ಕಟ್ಟೆಗೆ ವಾಪಸಾದರು.

ಕೊನೆಯ ವರ್ಷದ ಜಾಣೆಯ ಕೈಗೆ ಚಹಾದ ತಟ್ಟೆ! ದಾನೇಶ್ವರಿಗೆ ಅವಮಾನವಾಯಿತು. ಆದರೆ ಗುರುವಿನ ಮಾತು. ಹಿಡಿದು ನಿಂತಳು.

ಮುಬೀನಾ ಖಾಲಿ ಪುಟವೊಂದನ್ನು ತೆರೆದಳು. "ಅಕ್ಕಾ, ಎಲ್ಲಿಂದ ಸುರು ಮಾಡ್ಲಿ?"

"ಮುಂಜಾನಿ ಹ್ಯಾಂಗ ಮಾಡಿದ್ದಿ?"

"ಮೊದಲ ಆ ಬಾಣದ ಗುರುತು ಹಾಕಿದ್ದೆ."

"ಹಾಕು."

ಮುಬೀನಾಳ ಬೆರಳು ಕೀಲಿಗಳ ನಡುವೆ ಬಾಣದ ಗುರುತನ್ನು ಹುಡುಕುತ್ತ ಹೊರಟಿತು. ಅದು ಕಣ್ಣೆದುರೇ ಇತ್ತು. ಬೆರಳು ಅದರ ಪಕ್ಕದಲ್ಲೇ ಹಾದು, ಊರೆಲ್ಲ ಸುತ್ತಿ ಬಂತು. ದಾನೇಶ್ವರಿಯ ಕೈ ತುಡಿಯಿತು. ಚಹಾ ತುಳುಕಿ ಅವಳ ಹೆಬ್ಬೆರಳು ಚುರ್ರೆಂದಿತು.

"ಅಕ್ಕಾ!" ಬೇರೆ ಮೂಲೆಯಿಂದ ಕೂಗು ಬಂತು.

ತಟ್ಟೆಯ ಸಮೇತ ಹೋದಳು. ಅವಳ ಕೈಯಲ್ಲಿ ತಟ್ಟೆ ಕಂಡು ಆ ಹುಡುಗಿ ಕುರ್ಚಿ ಸರಿಸಲಿಲ್ಲ.

"ಕೆಂಪ್ ಗೆರಿ ಬಂದೈತಿ ಅಕ್ಕಾ."

"ಅದರ ಕೆಳಗ ಏನ್ ಬರದೈತಿ? ಓದು."

ಹುಡುಗಿ ಓದಿದಳು. ಇನ್ನೊಮ್ಮೆ ಓದಿದಳು. "ಓ" ಎಂದು ತಾನೇ ತಿದ್ದಿಕೊಂಡಳು.

ಎಲ್ಲರೂ ಹಾಗೆ ತಿದ್ದಿಕೊಳ್ಳಲಿಲ್ಲ. ಒಬ್ಬಳು ಮುಖ ಊದಿಸಿಕೊಂಡಳು. ಇನ್ನೊಬ್ಬಳು, "ಅಕ್ಕ ಮುಂಜಾನಿ ಚಲೋ ಇದ್ಲು" ಎಂದು ಗೆಳತಿಯ ಕಿವಿಯಲ್ಲಿ ಹೇಳಿದ್ದು ದಾನೇಶ್ವರಿಗೂ ಕೇಳಿಸಿತು. ಬೆಳಿಗ್ಗೆ ಗಳಿಸಿದ ಹೆಸರು ಮಧ್ಯಾಹ್ನಕ್ಕೇ ಹೋಯಿತು.

ಚಹಾ ಆರಿತು. ತೋಳು ಸೋತವು. ಮುಬೀನಾಳ ಹತ್ತಿರ ಮರಳಿ ಬಂದಾಗ ಅವಳ ಕಣ್ಣು ತುಂಬಿತ್ತು.

"ಗುಂಡಿ ಬಂತು. ಒತ್ತಿದ್ರ ಏನೂ ಆಗವಲ್ದು. ಬ್ಯಾಡ ಬಿಡಕ್ಕಾ, ನಾ ಹೋಗ್ತೀನಿ."

ದಾನೇಶ್ವರಿ ನೋಡಿದಳು. ಒಂದು ಆವರಣ ಚಿಹ್ನೆಯನ್ನು, ಅಂದರೆ ಬ್ರ್ಯಾಕೆಟ್ಟನ್ನು, ತೆರೆದವಳು ಮುಚ್ಚುವುದನ್ನು ಮರೆತಿದ್ದಳು. ಅಷ್ಟೇ. ಒಂದು ಕೀಲಿಯ ಕೆಲಸ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು, ಹುಡುಗಿಯ ಅಳು ನಿಲ್ಲುತ್ತಿತ್ತು.

ಕಿಟಕಿಯ ಆಚೆ ನೋಡಿದಳು. ಮೇಡಂ ನದಿಯ ಕಡೆ ಮುಖ ಮಾಡಿದ್ದರು.

ದಾನೇಶ್ವರಿ ಮೆಲ್ಲಗೆ ತಟ್ಟೆಯನ್ನು ಮೇಜಿನ ಮೂಲೆಯತ್ತ ಇಳಿಸಿದಳು.

ಅದನ್ನು ಕಂಡದ್ದೇ ತಡ, ಮುಬೀನಾ ಯಾರೂ ಹೇಳದೆಯೇ ಕುರ್ಚಿ ಸರಿಸಿ ಜಾಗ ಬಿಟ್ಟಳು.

ದಾನೇಶ್ವರಿಯ ಕೈ ಅಲ್ಲೇ ನಿಂತಿತು. ಬೆಳಿಗ್ಗೆಯಿಂದ ತಾನು ಈ ಹುಡುಗಿಯರಿಗೆಲ್ಲ ಕಲಿಸಿದ್ದು ಇದೊಂದನ್ನೇ ಎಂದು ಅವಳಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ತಟ್ಟೆಯನ್ನು ಮತ್ತೆ ಎತ್ತಿಕೊಂಡಳು.

"ಸರೀಬ್ಯಾಡ ಮುಬೀನಾ. ಅಲ್ಲೇ ಕುಂದ್ರು."

"ನನಗ ಬರೂದಿಲ್ಲಕ್ಕಾ."

"ಗುಂಡಿ ನೀನ ಮಾಡೀದಿ. ಈಗ ಆ ಗುಂಡಿ ಸಾಲು ಓದು. ಆಮ್ಯಾಲ ಅದರ ಕೆಳಗಿನ ಸಾಲು ಓದು. ಏನ್ ಫರಕ್ ಐತಿ?"

ಮುಬೀನಾ ತುಟಿ ಅಲುಗಿಸುತ್ತ ಓದಿದಳು. ಬೆರಳಿಟ್ಟು ಓದಿದಳು. ದಾನೇಶ್ವರಿ ಉತ್ತರವನ್ನು ಹಲ್ಲಿನ ಹಿಂದೆ ಹಿಡಿದುಕೊಂಡು ನಿಂತಳು. ಭುಜ ಉರಿಯುತ್ತಿತ್ತು. ಹೊತ್ತು ಸರಿಯದಾಯಿತು.

"ಅಕ್ಕಾ, ಇದಕ ಬಾಗಲಾನ ಹಾಕಿಲ್ಲ ನಾನು!"

ಹಾಕಿದಳು. ಒತ್ತಿದಳು.

ಕೆಲಸ ಐತಿ, ಎಂದಿತು ಪರದೆ.

ಮತ್ತೆ ಒತ್ತಿದಳು, ಮಾಯವಾಯಿತು. ಇನ್ನೊಮ್ಮೆ ಒತ್ತಿದಳು, ಬಂತು. ಬಸ್ಸು, ಚೀಲ, ಅಕ್ಕ, ಎಲ್ಲ ಮರೆತು ಅದನ್ನೇ ಒತ್ತುತ್ತ ಕೂತಳು.

ಸಂಜೆ ದೊಡ್ಡ ಊರಿನಿಂದ ಬಂದ ತೀರ್ಪುಗಾರ್ತಿ ಎಲ್ಲರ ಕೆಲಸವನ್ನೂ ನೋಡಿದರು. ನಕ್ಷೆಯಿಲ್ಲ, ಗಂಟೆಯಿಲ್ಲ, ಮುಬೀನಾಳ ಪುಟದಲ್ಲಿ ಒಂದು ವಕ್ರ ಕೆಂಪು ಗುಂಡಿ.

"ಅಕ್ಷರ ಸಣ್ಣದಾಯಿತಲ್ಲಮ್ಮ" ಎಂದರು ಅವರು.

"ದೊಡ್ಡದ ಮಾಡ್ತೀನ್ರಿ" ಎಂದು ಮುಬೀನಾ ನಿಂತಲ್ಲೇ ಬಗ್ಗಿ ಬದಲಿಸಿದಳು. ದಾನೇಶ್ವರಿಯ ಕಡೆ ತಿರುಗಿಯೂ ನೋಡಲಿಲ್ಲ.

ಬಹುಮಾನ ಬೇರೆಯವರಿಗೆ ಹೋಯಿತು. ಬಸ್ಸಿನ ಹಾರ್ನ್ ಕೇಳಿಸಿತು. ಮುಬೀನಾ ಓಡುತ್ತಲೇ ಕಟ್ಟೆಯ ಕಡೆ ಕೂಗಿದಳು, "ಮೇಡಂ, ಮುಂದಿನ ವರ್ಷ ಕಂಪ್ಯೂಟರ್ ತಗೋತೀನ್ರಿ! ಅಮ್ಮಿಗಿ ಹೇಳ್ತೀನ್ರಿ!"

ದಾನೇಶ್ವರಿಗೆ ಹೇಳಿ ಹೋಗುವುದನ್ನು ಮರೆತಳು.

ಬಸ್ಸಿನ ಧೂಳು ಇಳಿದ ಮೇಲೆ ದಾನೇಶ್ವರಿ ತಟ್ಟೆ ಹಿಡಿದು ಬೇವಿನ ಮರದ ಬಳಿಗೆ ಬಂದಳು. ಚಹಾ ಕೆನೆಗಟ್ಟಿ ತಣ್ಣಗಾಗಿತ್ತು.

"ಮೇಡಂ, ಮಧ್ಯಾಹ್ನದಿಂದ ನಾ ಏನೂ ಮಾಡಿಲ್ಲರಿ."

"ಹೂಂ."

"ಆದ್ರ ಇಷ್ಟು ದಣಿವು ನನಗ ಯಾವತ್ತೂ ಆಗಿದ್ದಿಲ್ಲರಿ."

ಮೇಡಂ ಅವಳ ಕೈಯಿಂದ ತಟ್ಟೆ ಇಳಿಸಿಕೊಂಡರು. ಒಂದು ಲೋಟ ಎತ್ತಿ, ಆ ತಣ್ಣನೆಯ ಚಹಾವನ್ನು ಮುಖ ಕಿವುಚದೆ ಕುಡಿದರು. ಆಮೇಲೆ ಮಂಡಿ ಹಿಡಿದುಕೊಂಡು, ಕಟ್ಟೆಯ ಮೇಲೆ ಸ್ವಲ್ಪ ಸರಿದರು.

"ಈಗ ಬಾ, ಕುಂದ್ರು."